ನೀರಜ್ಜನನ್ನು ಬಿಟ್ಟುಬಂದ ಹಡಗು

ಬಕೆಟ್ಟು ತುಂಬಿ ನೀರು ಅಂಚು ದಾಟಿ ಇಳಿಯತೊಡಗಿದಾಗ ಬಚ್ಚಲುಮನೆಯ ಬಾಗಿಲ ಆಚೆಯಿಂದ ಮಾವ ಕೂಗಿದರು: "ಅಮ್ಮಾ, ನಲ್ಲಿ!" ಬೇರೆ ದಿನವಾಗಿದ್ದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಒಂದೇ ಒಂದು ಬಕೆಟ್ಟು ನೀರನ್ನಾದರೂ ಮಾವನ ಬಾಯಿಗೆ ಬೀಳದೆ ಹಿಡಿದದ್ದುಂಟೇ? ಊರಿಗೆಲ್ಲ ನೀರು ಹತ್ತಿಸುವ ಪಂಪುಮನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಕಿವಿ ಬೇರೆಲ್ಲದಕ್ಕೂ ಮಂದ, ನೀರು ಪೋಲಾಗುವ ಸದ್ದಿಗೆ ಮಾತ್ರ ಬೆಕ್ಕಿನ ಕಿವಿ. ಆದರೆ ಇವತ್ತು, ಮೈಗೆಲ್ಲ ಸೋಪು ಹಚ್ಚಿಕೊಂಡು ನಲ್ಲಿಯ ಮೇಲೆ ಕೈಯಿಟ್ಟವಳು ಇಟ್ಟ ಹಾಗೆಯೇ ನಿಂತುಬಿಟ್ಟಳು. ಹಡಗಿನಲ್ಲಿ ಹೀಗೆ ಕೂಗುವವರು ಯಾರೂ ಇಲ್ಲವಲ್ಲ ಎಂದುಕೊಂಡಳು. ಯಾಕಿಲ್ಲ, ನೀರಜ್ಜ ಇದ್ದಾನಲ್ಲ ಎಂದುಕೊಂಡಳು. ಇದ್ದ ನೀರಜ್ಜ ಎಲ್ಲಿ? "ಅಯ್ಯಯ್ಯೋ, ಅವನನ್ನ ಅಲ್ಲೇ ಬಿಟ್ಟು ಬಂದ್ಬಿಟ್ಟೆ!" ಎಂದು ಅವಳು ಚೀರಿದ್ದು ನಾಲ್ಕು ಗೋಡೆಗೂ ಬಡಿದು ಅವಳ ಕಿವಿಗೇ ವಾಪಸು ಬಂತು.

"ಯಾರನ್ನ?" ಎಂದು ಗಂಡ ಅಡುಗೆಮನೆಯಿಂದ ಕೇಳಿದ.

"ಯಾರನ್ನೂ ಇಲ್ಲ ರೀ!" ಎಂದಳು. ಸುಳ್ಳು. ಒಬ್ಬ ಮುದುಕನನ್ನು, ನಡುಸಮುದ್ರದ ದ್ವೀಪವೊಂದರಲ್ಲಿ, ಕೈಯಲ್ಲಿ ಒಂದು ಮರದ ಸೌಟು ಬಿಟ್ಟು ಬೇರೇನೂ ಕೊಡದೆ ಬಿಟ್ಟುಬಂದಿದ್ದಳು. ಅದೂ ಏಳನೆಯ ಅಧ್ಯಾಯದಲ್ಲಿ. ಇವತ್ತು ಹದಿನೆಂಟನೆಯ ಅಧ್ಯಾಯ, ಅಂದರೆ ಕೊನೆಯದು, ಅಚ್ಚಿಗೆ ಹತ್ತುವ ದಿನ.

ಅರ್ಧ ತೊಳೆದ ಮೈಗೆ ಸೀರೆ ಸುತ್ತಿಕೊಂಡು, ಒದ್ದೆ ತಲೆಯಲ್ಲೇ ಬಸ್ಸು ಹತ್ತಿ, ಕಂಬಿ ಹಿಡಿದು ಜೋತಾಡುತ್ತ ಅವಳು ತನ್ನ ಹಡಗನ್ನು ಮೊದಲಿನಿಂದ ನೆನೆದುಕೊಂಡಳು. ಮಗಳು ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿ ಮಲಗಿದ್ದ ರಜೆಯಲ್ಲಿ, ಅವಳು ಎದ್ದು ಓಡದಿರಲೆಂದು ಶುರುಮಾಡಿದ ಕಥೆ. ಎಂಜಿನ್ನು ಇಲ್ಲದ ಕಾಲ, ಗಾಳಿಯನ್ನೂ ನಕ್ಷತ್ರವನ್ನೂ ನಂಬಿ ಹಾಯಿ ಬಿಚ್ಚುತ್ತಿದ್ದ ಕಾಲ. ಹುಡುಗನ ವೇಷ ಹಾಕಿ ಹಡಗು ಹತ್ತಿದ ಒಬ್ಬ ಹುಡುಗಿ. ಹಾಯಿ ಕಟ್ಟುವ ಕೂವೆಮರವನ್ನು ಸರ್ರನೆ ಹತ್ತಿ ತುದಿಯಲ್ಲಿ ಕೂರುವ ಅವಳನ್ನು ನಾವಿಕರೆಲ್ಲ ಮಿಡತೆ ಎಂದು ಕರೆಯುತ್ತಿದ್ದರು. ಬಿರುಗಾಳಿ, ಕಡಲ್ಗಳ್ಳರು, ತಳ ಸೋರುವ ಹಡಗು. "ಹುಡುಗಿ ಸಾಯಬಾರ್ದು, ಕಳ್ಳರ ನಾಯಕ ಸಾಯ್ಲೇಬೇಕು," ಎಂದು ಮಗಳು ಮಲಗಿದಲ್ಲಿಂದಲೇ ಆಜ್ಞೆ ಹೊರಡಿಸಿದ್ದಳು. ಕಾಲು ಕೂಡಿಕೊಂಡಿತು, ಮಗಳು ಓಡಾಡತೊಡಗಿದಳು, ಕಥೆ ಮಾತ್ರ ನಿಲ್ಲಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಜನರ ಕಿವಿಗೆ ಫ್ರೇಮು ಕೂರಿಸುತ್ತ ಕೂರಿಸುತ್ತ ಅವಳು ಮನಸ್ಸಿನಲ್ಲೇ ಲಂಗರು ಎತ್ತುತ್ತಿದ್ದಳು. ಸಮುದ್ರ ಕಂಡವಳೇ, ಇಲ್ಲವೆಂದಲ್ಲ, ಒಮ್ಮೆ ದಡದಲ್ಲಿ ನಿಂತು ಕಾಲು ತೋಯಿಸಿಕೊಂಡು ಚಪ್ಪಲಿ ಕಳೆದುಕೊಂಡು ಬಂದಿದ್ದಳು; ಅಷ್ಟು ಸಾಕಾಯಿತು. ನೀರಜ್ಜ ಬಂದದ್ದು ಎರಡನೆಯ ಅಧ್ಯಾಯದಲ್ಲಿ. ಹಡಗಿನ ಸಿಹಿನೀರಿನ ಪೀಪಾಯಿಗಳನ್ನು ಕಾಯುವ ಮುದುಕ, ಸೊಂಟಕ್ಕೆ ಕಟ್ಟಿಕೊಂಡ ಸೌಟಿನಲ್ಲಿ ಅಳೆದು ಕೊಡುವವ. ಒಬ್ಬರಿಗೆ ಒಂದು ಸೌಟು. ಅಳುವವರಿಗೆ ಅರ್ಧವೇ, ಯಾಕೆಂದರೆ "ಕಣ್ಣಲ್ಲಿ ನೀರು ಪೋಲು ಮಾಡೋರಿಗೆ ಕುಡಿಯೋಕೆ ಯಾಕೆ ಕೊಡ್ಲಿ?" ಆ ಅಧ್ಯಾಯ ಓದಿದ ದಿನ ಗಂಡ ನಕ್ಕೂ ನಕ್ಕೂ ಕೆಮ್ಮಿದ್ದ, ಮಗಳು "ತಾತ! ತಾತ!" ಎಂದು ಚಪ್ಪಾಳೆ ತಟ್ಟಿದ್ದಳು. ಹೇಳಬೇಕಾದ್ದೇನಿದೆ, ಅದು ಮಾವನೇ, ಸೌಟೊಂದು ಹೆಚ್ಚಿಗೆ.

ಮಾವನಿಗೂ ಗೊತ್ತಾಗಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕಣ್ಣು ಮುಚ್ಚಿ ಕೂತಿದ್ದವರು ಮೀಸೆಯಡಿ ನಕ್ಕಿದ್ದರು. ಮರುದಿನವೇ ಪಾರ್ಕಿನ ಬೆಂಚಿನ ಗೆಳೆಯರಿಗೆ ಸುದ್ದಿ ಹೋಯಿತು. "ಈ ವಯಸ್ಸಲ್ಲಿ ನಾನು ಹಡಗು ಹತ್ತಿದೀನಿ ಕಣ್ರಯ್ಯಾ. ನೀರೆಲ್ಲ ನನ್ನ ಕೈಲಿ." ಮೊದಲ ಪ್ರತಿ ತನಗೇ ಎಂದು ಗೊತ್ತುಮಾಡಿದ್ದರು. ಅದಕ್ಕಾಗಿ ಹೊಸ ಕನ್ನಡಕವನ್ನೂ ಮಾಡಿಸಿಕೊಂಡಿದ್ದರು, ಅವಳ ಅಂಗಡಿಯಲ್ಲೇ, ಅವಳ ಕೈಯಿಂದಲೇ. ಫ್ರೇಮು ಕೂರಿಸುವಾಗ ಅವರು ಕನ್ನಡಿ ನೋಡಿಕೊಳ್ಳುತ್ತ, "ಹಡಗಿನವನ ಹಾಗೆ ಕಾಣ್ತೀನಾ?" ಎಂದು ಕೇಳಿದ್ದರು. ಇನ್ನು ಪುಸ್ತಕ ಬಂದಾಗ ಆ ಕನ್ನಡಕ ಹಾಕಿಕೊಂಡು ಅವರು ಪುಟ ಮಗುಚುತ್ತಾರೆ. ಎರಡನೆಯ ಅಧ್ಯಾಯ, ಇದ್ದಾರೆ. ನಾಲ್ಕು, ಇದ್ದಾರೆ, ಬಿರುಗಾಳಿಯಲ್ಲಿ ಪೀಪಾಯಿಯನ್ನು ಅಪ್ಪಿಕೊಂಡು. ಏಳು: ದ್ವೀಪದಲ್ಲಿ ನೀರು ತುಂಬಿಸಿಕೊಳ್ಳಲು ಇಳಿದಾಗ, ದಡದ ಒರತೆ ಉಪ್ಪುಪ್ಪಾಗಿದೆಯೆಂದು ಮುಖ ಕಿವುಚಿ, "ಒಳಗೆ ಸಿಹಿನೀರು ಇದ್ದೇ ಇರತ್ತೆ, ನಾನು ಬರೋವರೆಗೂ ಹೊರಡ್ಬೇಡಿ," ಎಂದು ಹೇಳಿ ಕಾಡು ಹೊಗುತ್ತಾರೆ. ಅಷ್ಟರಲ್ಲಿ ಮಿಡತೆ ಕೂವೆಮರದ ತುದಿಯಿಂದ ಕಳ್ಳರ ಹಡಗನ್ನು ಕಾಣುತ್ತಾಳೆ. ಲಂಗರು ಎತ್ತಿ! ಹಾಯಿ ಬಿಚ್ಚಿ! ಆಮೇಲೆ? ಎಂಟು, ಒಂಬತ್ತು, ಹತ್ತು. ಮಾವ ಬೆರಳು ಎಂಜಲು ಮಾಡಿಕೊಂಡು ಪುಟ ಮಗುಚುತ್ತಲೇ ಇರುತ್ತಾರೆ. ಅವರು ಎಲ್ಲೂ ಇಲ್ಲ.

ಅಂಗಡಿಗೆ ಕಾಲಿಟ್ಟವಳೇ ಫೋನು ಎತ್ತಿ ಪ್ರೆಸ್ಸಿನ ಯಜಮಾನರಿಗೆ ಎಲ್ಲ ಹೇಳಿದಳು. ಆ ಕಡೆಯಿಂದ ಕೇಳಿಸಿದ್ದು ನಗು. ಯಜಮಾನರು ಒಳ್ಳೆಯ ಮನುಷ್ಯ, ಮಕ್ಕಳ ಪುಸ್ತಕವೆಂದರೆ ಜೀವ, ಆದರೆ ನಕ್ಕರೆ ಅವರ ಹೊಟ್ಟೆಯ ಜೊತೆ ಫೋನೂ ಕುಣಿಯುತ್ತದೆ.

"ಏಳನೇ ಅಧ್ಯಾಯ ಅಚ್ಚಾಗಿ ಯಾವ ಕಾಲ ಆಯ್ತಮ್ಮಾ! ಹದಿನಾರು ಪುಟ ಜೋಡಿಸ್ತೀವಿ, ಹೊಡೀತೀವಿ, ಅಚ್ಚಿನ ಮೊಳೆ ಬಿಚ್ಚಿ ಖಾನೆಗೆ ಹಾಕ್ತೀವಿ. ಆ ಮೊಳೆಗಳೇ ಅಲ್ವಾ ಈಗ ಕೊನೇ ಅಧ್ಯಾಯದಲ್ಲಿ ಕೂತಿರೋದು? ಇನ್ನು ಹದಿನಾರು ಪುಟದ ಒಂದೇ ಫಾರಂ ಬಾಕಿ. ಮಧ್ಯಾಹ್ನ ಮೆಷಿನ್ನಿಗೆ ಹತ್ತತ್ತೆ."

"ಏನೂ ಮಾಡೋಕಾಗಲ್ವಾ?"

"ಬೆಂಕಿ ಬಿದ್ಮೇಲೆ ಬಾವಿ ತೋಡ್ತೀನಿ ಅಂದ್ರೆ ಹೇಗೆ? ಅಲ್ಲಾ, ನೀವು ಇಷ್ಟೊಂದು ತಲೆ ಯಾಕೆ ಕೆಡಿಸ್ಕೋತೀರಿ? ಎರಡು ಸಲ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಪ್ರೂಫ್ ನೋಡಿದ ನನಗೇ ಗೊತ್ತಾಗ್ಲಿಲ್ಲ. ನಿಮ್ಮ ಯಜಮಾನ್ರೂ ಓದಿದ್ರು, ಅವ್ರಿಗೂ ಗೊತ್ತಾಗ್ಲಿಲ್ಲ. ಯಾರಿಗೂ ಗೊತ್ತಾಗಲ್ಲ ಬಿಡಿ."

ಯಾರಿಗೂ ಗೊತ್ತಾಗಲ್ಲ. ಸಮಾಧಾನದ ಮಾತೇ ಅದು, ಆದರೆ ಅವಳಿಗೆ ಸಮಾಧಾನವಾಗಲಿಲ್ಲ. ಕಳ್ಳರ ನಾಯಕನ ಟೋಪಿಯ ಗರಿ ಒಂದು ಅಧ್ಯಾಯದಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು ಆಗಿದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಇಡೀ ಒಬ್ಬ ಮುದುಕ ಕಾಣೆಯಾದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ! ಎಂಟನೆಯ ಅಧ್ಯಾಯದಿಂದ ಹಡಗಿನವರಿಗೆ ನೀರು ಕೊಟ್ಟವರು ಯಾರು? ಯಾರೋ ಕೊಟ್ಟರು. 'ಯಾರೋ ಒಬ್ಬ ನೀರು ತಂದುಕೊಟ್ಟ' ಎಂದು ಅವಳೇ ಬರೆದಿದ್ದಳು, ನಾಚಿಕೆಯಿಲ್ಲದೆ, ಎರಡೆರಡು ಕಡೆ. ಮುದುಕರೆಂದರೆ ಇಷ್ಟೇ, ಇದ್ದಾಗ ಕಿರಿಕಿರಿ, ಇಲ್ಲದಾಗ ನೆನಪೂ ಇಲ್ಲ ಎಂದುಕೊಂಡಾಗ, ಆ ಶಾಲು ಕಣ್ಣೆದುರಿಗೆ ಬಂತು.

ಹಿಂದೊಂದು ಸಲ ನೆಂಟರ ಮನೆಗೆ ಹೊರಟಿದ್ದರು, ಬಾಡಿಗೆ ವ್ಯಾನಿನಲ್ಲಿ, ಗಂಡನ ಕಡೆಯವರೆಲ್ಲ ಸೇರಿ. ದಾರಿಯಲ್ಲಿ ಒಂದು ಟೀ ಅಂಗಡಿ. ಎಲ್ಲರೂ ಇಳಿದರು, ಕುಡಿದರು, ಹತ್ತಿದರು. ಎಲ್ಲ ಬಂದರೋ ನೋಡಮ್ಮಾ ಎಂದು ಡ್ರೈವರು ಕೇಳಿದಾಗ ಹಿಂದೆ ತಿರುಗಿ ನೋಡಿದವಳು ಅವಳೇ. ಕೊನೆಯ ಸೀಟಿನ ಮೂಲೆಯಲ್ಲಿ ಮಾವನ ಶಾಲು ಇತ್ತು, ಶಾಲಿನೊಳಗೆ ದಪ್ಪಗೆ ಮಾವನೂ ಇದ್ದರು. "ಎಲ್ಲ ಇದ್ದಾರೆ, ಹೊರಡಿ," ಎಂದಳು. "ತಾತ ಮಲಗಿದಾರೆ, ಗಲಾಟೆ ಮಾಡ್ಬೇಡಿ," ಎಂದು ಮಗಳು ಎಲ್ಲರ ಬಾಯಿಗೂ ಬೆರಳಿಟ್ಟಳು. ಗಂಡ ಪಿಸುಮಾತಿನಲ್ಲಿ ಜೋಕು ಹೇಳಿದ, ಎಲ್ಲರೂ ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. ಎಂಥ ಚೆಂದದ ಪ್ರಯಾಣ! ಬಾಟಲಿಯಿಂದ ನೀರು ಚೆಲ್ಲಿದರೂ ಯಾರೂ ಗದರಲಿಲ್ಲ. ಅವಳು ಕಿಟಕಿಗೆ ತಲೆ ಆನಿಸಿ, ಮಾವ ಹೀಗೆ ಆಗಾಗ ನಿದ್ದೆ ಮಾಡಿದರೆ ಎಷ್ಟು ನೆಮ್ಮದಿ ಎಂದುಕೊಂಡದ್ದು ಅವಳಿಗೆ ಅಕ್ಷರಕ್ಷರ ನೆನಪಿದೆ. ಅಷ್ಟರಲ್ಲಿ ಮಗಳು ತಾತನ ಹೆಗಲಿಗೆ ಒರಗಲು ಹೋದಳು, ತಾತ ಮಗುಚಿಬಿದ್ದರು, ಶಾಲಿನೊಳಗಿಂದ ಬಟ್ಟೆ ತುಂಬಿದ ಹಳೇ ಚೀಲ ಹೊರಗೆ ಬಂತು. ವ್ಯಾನು ತಿರುಗಿಸಿಕೊಂಡು ಅಷ್ಟೂ ದಾರಿ ವಾಪಸು ಹೋದರು. ಅಂಗಡಿಯ ಹಿಂದೆ, ಒಂದು ಬೋರಿನ ನಲ್ಲಿಯ ಪಕ್ಕದಲ್ಲಿ, ಕಲ್ಲಿನ ಮೇಲೆ ಮಾವ ಕಾಲು ಇಳಿಬಿಟ್ಟು ಕೂತಿದ್ದರು. ಗಂಡ ಅಳುವುದೊಂದು ಬಾಕಿ. ಮಾವ ಮಾತ್ರ ತಲೆಯೆತ್ತಿ, "ಬಂದ್ರಾ? ಮೊದಲು ನೀರು ಕುಡೀರಿ. ಇಲ್ಲಿಯ ನೀರು ಸಿಹಿ," ಎಂದರು. ಅಷ್ಟೇ. ಆಮೇಲೆ ಆ ಸಂಗತಿ ಮನೆಯ ದೊಡ್ಡ ನಗೆಯ ಕಥೆಯಾಯಿತು. ಬಂದವರಿಗೆಲ್ಲ ಹೇಳಿದರು, ಮಾವನೇ ಶಾಲು ಹೊದ್ದು ಚೀಲದ ಹಾಗೆ ಕೂತು ತೋರಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ 'ಎಷ್ಟು ನೆಮ್ಮದಿ' ಎಂದುಕೊಂಡದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಇದು ಸ್ಪಷ್ಟವಾ, ಅದು ಸ್ಪಷ್ಟವಾ?" ಎಂದು ಕೇಳುತ್ತ ಅವಳು ಗಿರಾಕಿಯ ಕಣ್ಣಿನೆದುರು ಗಾಜು ಬದಲಿಸುತ್ತಿದ್ದಳು. ಬ್ಯಾಂಕಿನವನಂತೆ ಕಾಣುತ್ತಿದ್ದ ಆತ ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಶಾಲೆಯ ಹುಡುಗನ ಹಾಗೆ ಓದಿ ಮುಗಿಸಿ, ಸರಿಯಾ ಎಂಬಂತೆ ಅವಳನ್ನು ನೋಡಿದ. ಅವಳು ಕೇಳಿಸಿಕೊಂಡೇ ಇರಲಿಲ್ಲ. ಏಳನೆಯ ಅಧ್ಯಾಯ ಬರೆದ ಸಂಜೆ ನೆನಪಾಗಿತ್ತು. ಮುದುಕ ಕಾಡಿನೊಳಗೆ ಹೋದದ್ದೇ ತಡ, ಪೆನ್ನು ಹೇಗೆ ಓಡಿತು! ಮಿಡತೆಯನ್ನು ಗದರುವವರಿಲ್ಲ, ನೀರು ಅಳೆಯುವವರಿಲ್ಲ, ಹಡಗು ಹಕ್ಕಿಯಾಗಿ ಹಾರಿತ್ತು. ಹಾಗಾದರೆ ಅದು ಮರೆವೋ, ಅಥವಾ ಅವಳೊಳಗಿನ ಯಾವಳೋ ಒಬ್ಬಳು ಬೇಕೆಂದೇ ಲಂಗರು ಎತ್ತಿದಳೋ?

"ಯಾರನ್ನ ಬಿಟ್ರಿ?" ಎಂದಳು ಗಿರಾಕಿಗೆ.

"ಯಾರನ್ನೂ ಬಿಟ್ಟಿಲ್ಲಮ್ಮಾ," ಎಂದ ಆತ ಗಾಬರಿಯಾಗಿ. "ಎಲ್ಲಾ ಅಕ್ಷರ ಓದಿದ್ನಲ್ಲ!"

ಅಂಗಡಿಯ ಒಡತಿ, ಅವಳು ಅಕ್ಕ ಎಂದು ಕರೆಯುವಾಕೆ, ಗಲ್ಲಾದಲ್ಲಿ ಕೂತು ಬೆಳಗಿನಿಂದ ಇದನ್ನೆಲ್ಲ ನೋಡುತ್ತಿದ್ದರು. ಒಂದು ಮೂಗಿನ ಪ್ಯಾಡು ತಿರುಗುಮುರುಗಾಗಿ ಕೂತದ್ದು, ಒಬ್ಬ ಮುದುಕಿಗೆ ಇನ್ನೊಬ್ಬಳ ಕನ್ನಡಕ ಹೋಗಿ, ಆಕೆ "ಎಷ್ಟು ಚೆನ್ನಾಗಿ ಕಾಣತ್ತೆ!" ಎಂದು ಹರಸಿ ಹೊರಟೇಬಿಟ್ಟದ್ದು, ಆಕೆಯ ಹಿಂದೆ ಓಡಿ ಬೀದಿಯ ತಿರುವಿನಲ್ಲಿ ಹಿಡಿದು ಕಸಿದುಕೊಂಡು ಬಂದದ್ದು. ಕೊನೆಗೆ ಅಕ್ಕ ಎದ್ದು ಬಂದು ಅವಳ ಕೈಯಿಂದ ಪುಟ್ಟ ತಿರುಪುಳಿಯನ್ನು ತೆಗೆದುಕೊಂಡರು.

"ಏನಾಗಿದೆ ನಿನಗೆ ಇವತ್ತು?"

"ಒಬ್ಬರನ್ನ ಬಿಟ್ಟು ಬಂದ್ಬಿಟ್ಟಿದ್ದೀನಿ ಅಕ್ಕಾ. ಹೋಗಿ ಕರ್ಕೊಂಡು ಬರ್ಬೇಕು."

"ಮಗಳನ್ನಾ?"

"ಅಲ್ಲ, ಮಾವನ್ನ. ಮಾವ ಅಂದ್ರೆ ಮಾವ ಅಲ್ಲ..."

"ಅಯ್ಯೋ ದೇವ್ರೇ, ಮತ್ತೆ ಬಿಟ್ಟು ಬಂದ್ಯಾ?" ಎಂದು ಅಕ್ಕ ಎದೆಗೆ ಕೈಯಿಟ್ಟುಕೊಂಡರು. ಶಾಲಿನ ಕಥೆ ಅವರಿಗೂ ತಲುಪಿತ್ತು. "ಇನ್ನೂ ಇಲ್ಲೇ ನಿಂತಿದ್ದೀಯಲ್ಲೇ! ಹೋಗು, ಓಡು! ನೀನಿಲ್ಲಿದ್ರೆ ಬಂದವರ ಕಿವಿ ಹರಿದು ಕಳಿಸ್ತೀಯ!"

ವಿವರಿಸುತ್ತ ನಿಂತರೆ ಹೊತ್ತಾಗುತ್ತಿತ್ತು. ಅವಳು ಓಡಿದಳು. ಬಿಸಿಲು ಚೆನ್ನಾಗಿತ್ತು. ಬೀದಿಯುದ್ದಕ್ಕೂ ಅಂಗಡಿಗಳ ಮುಂದೆ ಇಳಿಬಿಟ್ಟ ಬಟ್ಟೆಯ ಚಪ್ಪರಗಳು ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿದ್ದವು. ನಡುವಯಸ್ಸಿನ ಹೆಂಗಸೊಬ್ಬಳು ಹೀಗೆ ಸೆರಗು ಸಿಕ್ಕಿಸಿ ಓಡುವುದನ್ನು ಜನ ನಿಂತು ನೋಡಿದರು. ನೋಡಲಿ, ನನ್ನ ಗಂಟೇನು ಹೋಗಬೇಕು ಎಂದುಕೊಂಡಳು, ಮತ್ತು ಯಾಕೋ ಓಡುತ್ತ ಓಡುತ್ತ ಅವಳಿಗೆ ನಗು ಬಂತು. ಕಾಗದದ ಮುದುಕನೊಬ್ಬನಿಗಾಗಿ ಇಷ್ಟು ರಾದ್ಧಾಂತ! ಆದರೆ ಕಾಲು ನಿಲ್ಲಲಿಲ್ಲ.

ಪ್ರೆಸ್ಸಿನಲ್ಲಿ ಶಾಯಿಯ, ಸೀಮೆಎಣ್ಣೆಯ ವಾಸನೆ. ಕಲ್ಲಿನ ಮೇಜಿನ ಮೇಲೆ ಕೊನೆಯ ಹದಿನಾರು ಪುಟಗಳು ಕಬ್ಬಿಣದ ಚೌಕಟ್ಟಿನೊಳಗೆ ಬಿಗಿಯಾಗಿ ಕೂತಿದ್ದವು. ಇನ್ನು ಎತ್ತಿ ಮೆಷಿನ್ನಿಗೆ ಇಡುವುದೊಂದೇ ಬಾಕಿ. ಯಜಮಾನರು ಅವಳ ಅವತಾರ ನೋಡಿ ಒಂದು ಸ್ಟೂಲು ಎಳೆದರು. ಅವಳು ಕೂರಲಿಲ್ಲ. ಬಗ್ಗಿ ಕೊನೆಯ ಪುಟವನ್ನು ನೋಡಿದಳು, ತಲೆಕೆಳಗಾದ ಸೀಸದ ಅಕ್ಷರಗಳಲ್ಲಿ ಅವಳದೇ ವಾಕ್ಯಗಳು. ಹಡಗು ಊರಿನ ಬಂದರು ಸೇರುತ್ತದೆ, ಮಿಡತೆ ದಡಕ್ಕೆ ಜಿಗಿಯುತ್ತಾಳೆ, ಅವಳ ಅಮ್ಮ ಓಡಿಬಂದು ತಬ್ಬಿಕೊಳ್ಳುತ್ತಾಳೆ. ಅದರ ಕೆಳಗೆ ಅರ್ಧ ಪುಟ ಖಾಲಿ. ಪೂರ್ತಿ ಖಾಲಿಯಲ್ಲ, ನಡುವೆ ದೊಡ್ಡದೊಂದು ಲಂಗರಿನ ಅಚ್ಚು.

"ಇದನ್ನ ತೆಗೆದ್ರೆ ಜಾಗ ಆಗತ್ತಲ್ಲ," ಎಂದಳು.

ಯಜಮಾನರ ಮುಖ ಬಾಡಿತು. ಆ ಲಂಗರನ್ನು ಅವರು ಈ ಪುಸ್ತಕಕ್ಕೆಂದೇ ಮರದಲ್ಲಿ ಕೊರೆಸಿದ್ದರು. "ಅದು ನೋಡಿ... ಕಥೆ ಮುಗೀತು, ಹಡಗು ನಿಂತಿತು ಅಂತ ಗೊತ್ತಾಗೋಕೆ..."

"ಹಡಗು ನಿಲ್ಲೋ ಹಾಗಿಲ್ಲ ಯಜಮಾನ್ರೇ. ವಾಪಸ್ ಹೋಗ್ಬೇಕು. ಲಂಗರು ಎತ್ತಲೇಬೇಕು."

ಅವರು ಅವಳನ್ನು ನೋಡಿದರು, ಲಂಗರನ್ನು ನೋಡಿದರು, ಹೊಟ್ಟೆ ಕುಲುಕತೊಡಗಿತು. "ಎತ್ರಪ್ಪಾ ಲಂಗರು!" ಎಂದು ಮೊಳೆ ಜೋಡಿಸುವವನಿಗೆ ಕೂಗಿದರು. "ಆದ್ರೆ ಇಷ್ಟೇ ಜಾಗ ಅಮ್ಮಾ. ಒಂದು ಸಾಲು ಜಾಸ್ತಿಯಾದ್ರೂ ನಿಮ್ಮ ಮುದುಕನ ಕಾಲು ಪುಟದಿಂದ ಹೊರಗೆ ನೇತಾಡತ್ತೆ."

ಹಳೆಯ ಪ್ರೂಫಿನ ಹಿಂಬದಿಯಲ್ಲಿ ಬರೆಯಲು ಹೊರಟರೆ ಪೆನ್ನು ಏಳಲೇ ಇಲ್ಲ. ಅಮ್ಮನ ತೋಳಿನಲ್ಲಿರುವ ಹುಡುಗಿಗೆ ಇದ್ದಕ್ಕಿದ್ದ ಹಾಗೆ ಮುದುಕನೊಬ್ಬ ನೆನಪಾಗುವುದಾದರೂ ಹೇಗೆ? ಹನ್ನೊಂದು ಅಧ್ಯಾಯ ನೆನಪಾಗದವನು ಈಗ ಯಾಕೆ ನೆನಪಾಗುತ್ತಾನೆ? ಓಡಿಬಂದ ಬೆವರು ಹಣೆಯಿಂದ ಕಾಗದದ ಮೇಲೆ ಬಿತ್ತು. "ಮೊದಲು ನೀರು ಕುಡೀರಿ," ಎಂದು ಯಜಮಾನರು ಒಂದು ಲೋಟ ಮುಂದೆ ಇಟ್ಟರು. ಅವಳು ಎತ್ತಿ ಬಾಯಿಯವರೆಗೆ ತಂದಳು. ಅಲ್ಲಿಯೇ ಹಿಡಿದುಕೊಂಡಳು. ಆಮೇಲೆ ಲೋಟವನ್ನು ಕುಡಿಯದೆಯೇ ಇಟ್ಟು ಬರೆಯತೊಡಗಿದಳು. ಅಮ್ಮ ಮಿಡತೆಗೆ ಚೊಂಬಿನ ತುಂಬ ನೀರು ತಂದುಕೊಡುತ್ತಾಳೆ. ಎಷ್ಟು ಬೇಕಾದರೂ ಕುಡಿ ಎನ್ನುತ್ತಾಳೆ. ಅಳೆಯುವ ಸೌಟಿಲ್ಲದ ನೀರನ್ನು ಕಂಡು ಹುಡುಗಿ ಚೊಂಬನ್ನು ಕೆಳಗಿಡುತ್ತಾಳೆ. "ನೀರಜ್ಜ!" ಎಂದು ಚೀರುತ್ತಾಳೆ. ಇಡೀ ಬಂದರು ತಿರುಗಿ ನೋಡುತ್ತದೆ. ಕಟ್ಟಿದ ಹಗ್ಗಗಳನ್ನು ಬಿಚ್ಚುತ್ತಾರೆ, ಇಳಿಸಿದ ಹಾಯಿ ಏರುತ್ತದೆ. ದ್ವೀಪ. ನಾವಿಕರೆಲ್ಲ ಮುದುಕನ ಕಾಲಿಗೆ ಬೀಳುತ್ತಾರೆ, ಕಪ್ತಾನ ಟೋಪಿ ತೆಗೆದು ಕಣ್ಣೀರಿಡುತ್ತಾನೆ, ಮಿಡತೆ ತಪ್ಪಾಯಿತು ತಪ್ಪಾಯಿತು ಎಂದು ಬಿಕ್ಕುತ್ತಾಳೆ, ತಾನು ಯಾಕೆ ಮರೆತೆ, ಎಂಥ ಪಾಪಿ ತಾನು ಎಂದು ಹಲುಬುತ್ತಾಳೆ.

ಮೊಳೆ ಜೋಡಿಸುವವನು ಕಾಗದವನ್ನು ನೋಡಿ, ಖಾಲಿ ಜಾಗವನ್ನು ನೋಡಿ, ತಲೆಯಾಡಿಸಿದ. "ಇಷ್ಟೊಂದು ಹಿಡಿಯಲ್ಲಮ್ಮಾ."

"ಯಾವುದನ್ನ ತೆಗೀಲಿ?"

"ಅತ್ತಿದ್ದು ತೆಗೀರಿ," ಎಂದರು ಯಜಮಾನರು ಭುಜದ ಮೇಲಿಂದ ಬಗ್ಗಿ. "ಅದೇ ಜಾಸ್ತಿ ಜಾಗ ತಿಂತಿರೋದು."

ಅವಳಿಗೆ ಮೊದಲು ಸಿಟ್ಟು ಬಂತು. ಅಳದೆ, ಕ್ಷಮೆ ಕೇಳದೆ ಹೋಗಿ ಕರೆದುಕೊಂಡು ಬರುವುದೆಂದರೇನು? ಅದೂ ಒಂದು ಬರುವುದೇ? ವ್ಯಾನಿನಿಂದ ಇಳಿದಾಗ ಅವಳೂ ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋಗಿದ್ದಳು. ಒಂದನ್ನೂ ಹೇಳಿರಲಿಲ್ಲ. ಹೇಳಲು ಎಡೆಯೆಲ್ಲಿತ್ತು? ಮೊದಲು ನೀರು ಕುಡೀರಿ ಎಂದಿದ್ದರು. ಕೈಯೊಡ್ಡಿ ಕುಡಿದಿದ್ದಳು, ಬೊಗಸೆ ಬೊಗಸೆ, ಸೆರಗೆಲ್ಲ ಒದ್ದೆಯಾಗುವ ಹಾಗೆ, ಮತ್ತು ಮಾವ ಆ ಒಂದು ದಿನ ನಲ್ಲಿ ನಿಲ್ಲಿಸು ಎಂದಿರಲಿಲ್ಲ. ಇಷ್ಟು ದಿನಗಳ ಮೇಲೆ ಇದು ಅವಳಿಗೆ ಈಗ ಹೊಳೆಯಿತು, ಶಾಯಿ ಮೆತ್ತಿದ ಈ ಕಲ್ಲುಮೇಜಿನ ಮುಂದೆ. ಅವಳು ಪೆನ್ನು ತೆಗೆದುಕೊಂಡು ಕಪ್ತಾನನ ಕಣ್ಣೀರನ್ನು ಹೊಡೆದುಹಾಕಿದಳು. ನಾವಿಕರನ್ನು ಮುದುಕನ ಕಾಲಿನಿಂದ ಎಬ್ಬಿಸಿದಳು. ಮಿಡತೆಯ ಪಾಪವನ್ನೆಲ್ಲ ಅಳಿಸಿದಳು. ಉಳಿದದ್ದು ಇಷ್ಟು: ತಿಳಿಹೊಂಡವೊಂದರ ದಡದಲ್ಲಿ, ಕಲ್ಲಿನ ಮೇಲೆ, ನೀರಿಗೆ ಕಾಲು ಇಳಿಬಿಟ್ಟು ನೀರಜ್ಜ ಕೂತಿದ್ದ. ತಲೆಯೆತ್ತಿ ಎಲ್ಲರನ್ನೂ ನೋಡಿದ. "ಬಂದ್ರಾ? ಮೊದಲು ನೀರು ಕುಡೀರಿ. ಇಲ್ಲಿಯ ನೀರು ಸಿಹಿ," ಎಂದ.

ಅಳತೆ ಹಿಡಿದು ಮಾಡಿದ ಹಾಗೆ ಕೂತಿತು. ಯಜಮಾನರು ಈ ಸಲ ನಗಲಿಲ್ಲ. ಲಂಗರಿನ ಅಚ್ಚನ್ನು ಕೈಯಲ್ಲಿ ಹಿಡಿದು ಸವರುತ್ತ, "ಇದು ಮುಂಚೆಗಿಂತ ಚೆನ್ನಾಗಾಯ್ತಲ್ಲಮ್ಮಾ," ಎಂದರು. ಮೆಷಿನ್ನು ಸದ್ದು ಮಾಡತೊಡಗಿದಾಗ ಅವಳು ಆ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿದಳು. ಅರ್ಧ ದಿನದ ಭಾರ ಹೆಗಲಿಂದ ಇಳಿದು, ಎಲ್ಲರೆದುರಿಗೇ ಕುಣಿದುಬಿಡೋಣ ಎನ್ನುವಷ್ಟು ಖುಷಿಯಾಯಿತು ಅವಳಿಗೆ.

ಮನೆಗೆ ಬಂದಾಗ ಸಂಜೆಯ ಬೆಳಕು ಕಿಟಕಿಯಿಂದ ಕುರ್ಚಿಯ ಮೇಲೆ ಬಿದ್ದಿತ್ತು, ಕುರ್ಚಿಯಲ್ಲಿ ಶಾಲು, ಶಾಲಿನೊಳಗೆ ಮಾವ. ಅಭ್ಯಾಸಬಲದಿಂದ ಅವಳು ಒಮ್ಮೆ ಬಗ್ಗಿ ನೋಡಿದಳು, ಚೀಲವಲ್ಲವಷ್ಟೆ? ಒಂದು ಕಣ್ಣು ತೆರೆಯಿತು.

"ಬೆಳಿಗ್ಗೆ ನಲ್ಲಿ ಬಿಟ್ಟು ಓಡಿಹೋದೆಯಲ್ಲ. ಬಚ್ಚಲು ಸಮುದ್ರ ಆಗಿತ್ತು."

"ತಪ್ಪಾಯ್ತು ಮಾವ. ಇಲ್ನೋಡಿ, ಕೊನೇ ಪುಟ. ಇನ್ನೂ ಶಾಯಿ ಆರಿಲ್ಲ. ನಿಮಗೇ ಮೊದಲು," ಎಂದು ಮಡಿಸಿ ತಂದ ಹಾಳೆಯನ್ನು ಬಿಚ್ಚಿದಳು. ಗಟ್ಟಿಯಾಗಿ ಓದಲು ಹೊರಟರೆ ಮಾವ ಬೇಡವೆಂದು ಕೈಯಾಡಿಸಿ, ಹೊಸ ಕನ್ನಡಕವನ್ನು ಜೇಬಿನಿಂದ ತೆಗೆದು, ಶಾಲಿನ ತುದಿಯಿಂದ ಒರೆಸಿ ಹಾಕಿಕೊಂಡರು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಬಂದರು. ಅಮ್ಮ. ಚೊಂಬು. ಬೆರಳು ಕೊನೆಯ ಸಾಲಿಗೆ ಬಂದು, ಅಲ್ಲೇ ನಿಂತಿತು. ಮಾವ ಕನ್ನಡಕ ತೆಗೆದು ಮಡಿಸಿದರು.

"ಹತ್ತನೇ ಅಧ್ಯಾಯಕ್ಕೇ ಬರ್ತೀಯ ಅಂದ್ಕೊಂಡಿದ್ದೆ. ಸ್ವಲ್ಪ ತಡ ಆಯ್ತು."

"ನಿಮಗೆ... ಗೊತ್ತಿತ್ತಾ ಮಾವ?"

"ಗೊತ್ತಿಲ್ದೆ? ನೀನು ಮಗಳಿಗೆ ಓದುವಾಗೆಲ್ಲ ಇಲ್ಲೇ ಇದ್ನಲ್ಲ."

"ಮಲಗಿದ್ದೀರಿ ಅಂದ್ಕೊಂಡಿದ್ವಿ!"

"ಅದೇ ನಿಮ್ಮ ತೊಂದ್ರೆ. ಶಾಲು ಕಂಡ್ರೆ ಸಾಕು, ಮುದುಕ ಮಲಗಿದಾನೆ ಅಂತೀರಿ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. "ಮತ್ತೆ ಒಂದು ಮಾತು ಹೇಳಬಾರ್ದಿತ್ತಾ? ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ರಲ್ಲ!"

"ಏನಂತ ಹೇಳ್ಲಿ? ಬಿಟ್ಟುಹೋದ ಜಾಗ ಬಿಟ್ಟು ಕದಲಬಾರ್ದು ಕಣಮ್ಮಾ," ಎಂದರು ಮಾವ, ಪಂಪಿನ ಕೀಲಿಗೆ ಯಾವಾಗ ಎಣ್ಣೆ ಬಿಡಬೇಕೆಂದು ಹೇಳುವ ಅದೇ ದನಿಯಲ್ಲಿ. "ನಾವು ಆ ಕಡೆ ಈ ಕಡೆ ಹೋದ್ರೆ ಹುಡುಕ್ಕೊಂಡು ಬರೋರಿಗೆ ಕಷ್ಟ."

"ಬರದೇ ಇದ್ದಿದ್ರೆ? ಪುಸ್ತಕ ಹಾಗೇ ಅಚ್ಚಾಗಿಹೋಗಿದ್ರೆ?"

ಮಾವ ಅವಳನ್ನು ವಿಚಿತ್ರವಾಗಿ ನೋಡಿದರು, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ. "ಬರದೇ ಏನು? ಅವತ್ತು ಬರ್ಲಿಲ್ವಾ?" ಎಂದರು. ಹಾಳೆಯನ್ನು ಜೋಪಾನವಾಗಿ ಮಡಿಸಿ, ಬೆಂಚಿನ ಗೆಳೆಯರಿಗೆ ತೋರಿಸಲೆಂದೋ ಏನೋ, ಜೇಬಿಗಿಟ್ಟುಕೊಂಡು ಮತ್ತೆ ಕಣ್ಣು ಮುಚ್ಚಿದರು. "ಹೋಗು, ಒಂದು ಲೋಟ ನೀರು ತಗೊಂಡು ಬಾ. ಓದಿ ಓದಿ ಬಾಯಾರಿತು."

ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಹಿತ್ತಲಿನಲ್ಲಿ ಮಗಳು ಯಾವುದೋ ಮರದ ಮೇಲಿಂದ ಯಾರಿಗೋ ಹಡಗು ಬಂತು ಹಡಗು ಬಂತು ಎಂದು ಕೂಗಿ ಹೇಳುತ್ತಿದ್ದಳು. ಲೋಟವನ್ನು ನಲ್ಲಿಯ ಕೆಳಗೆ ಹಿಡಿದಳು. ತುಂಬಿತು. ನೀರು ಅಂಚು ದಾಟಿ ಬೆರಳುಗಳ ಮೇಲೆ ತಣ್ಣಗೆ ಇಳಿಯತೊಡಗಿತು. ಅವಳು ನಲ್ಲಿಯ ಮೇಲೆ ಕೈಯಿಟ್ಟು, ಬೇಕೆಂದೇ ತಿರುಗಿಸದೆ, ಕಿವಿಗೊಟ್ಟು ಕಾದಳು.

"ಅಮ್ಮಾ, ನಲ್ಲಿ!"